ಅರವತ್ನಾಲ್ಕರ ನಂತರ ಎಂಬತ್ತೊಂದು

ಜೂನ್ 30, ರವಿವಾರ

ಫ್ರಿಜ್ಜಿನ ಮೇಲೆ ಹದಿನಾಲ್ಕು ಪುಸ್ತಕ. ಹೋದ ವಾರ ಹನ್ನೆರಡಿತ್ತು. ಎಲ್ಲವೂ ವಿಮರ್ಶೆಗೆಂದು ಬಂದ ಗೌರವ ಪ್ರತಿಗಳು, ಎಲ್ಲವೂ ಬಾಕಿ. ಇದು ಸಾಲದೆಂದು ಬೆಳಿಗ್ಗೆ ಅಬಿಡ್ಸ್‌ಗೆ ಹೋಗಿ ಫುಟ್‌ಪಾತಿನಲ್ಲಿ ಇನ್ನೆರಡು ಹಳೇ ಪುಸ್ತಕ ತಂದೆ — ಜೇಡಗಳ ಬಗ್ಗೆ ಒಂದು, ಹಳೇ ರೈಲ್ವೆ ಟೈಮ್‌ಟೇಬಲ್ ಒಂದು. ಯಾಕೆ ಅಂತ ಕೇಳಬಾರದು.

ಹೆಂಡತಿ ಶೈಲಶ್ರೀ ಕೇಳಿದಳು. "ಮದ್ಲ ಇದ್ದದ್ದು ಓದಿ ಮುಗಸ್ರಿ. ಫ್ರಿಜ್ ಮ್ಯಾಲ ಒಂದ ಬೋಗುಣಿ ಇಡಾಕ ಜಾಗ ಇಲ್ಲ."

ಕಲಬುರಗಿಯಿಂದ ಮಾಸಪತ್ರಿಕೆಯ ಸಂಪಾದಕ ಗುರುಸಿದ್ದಪ್ಪನವರ ಫೋನ್. ಜುಲೈ ಸಂಚಿಕೆ ಹೊರಬಂತು, ನನ್ನ ಪುಸ್ತಕ ಅಂಕಣ ಚೆನ್ನಾಗಿದೆಯಂತೆ. ಈ ಸಲದ್ದು ಸುಗಲಮ್ಮ ಎಂಬುವರ ಆತ್ಮಕಥೆ, 'ಸೆಂಟ್ರಿಂಗ್ ಬಿಚ್ಚಿದ ಮೇಲೆ'. ಯಾದಗಿರಿ ಕಡೆಯಿಂದ ಬಂದು ಮೂವತ್ತು ವರ್ಷ ಇದೇ ಹೈದರಾಬಾದಿನ ಕಟ್ಟಡಗಳಿಗೆ ಸಿಮೆಂಟು ಹೊತ್ತು, ಮಗಳ ಪಕ್ಕ ಕೂತು ಅಕ್ಷರ ಕಲಿತವರು.

ಈ ಡೈರಿಯನ್ನು ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ. ಮುನ್ನುಡಿ, ಬೆನ್ನುಡಿ, ಮೊದಲ ನಲವತ್ತು ಪುಟ, ಕೊನೆಯ ನಾಲ್ಕು. ಅಷ್ಟೇ ಓದಿದ್ದು. ಫ್ಯಾಕ್ಟರಿಯ ಲಂಚ್ ಟೈಮಿನಲ್ಲಿ ವಿಮರ್ಶೆ ಮುಗಿಸಿದೆ. ಹೀಗೆ ಮಾಡಿದ್ದು ಇದೇ ಮೊದಲು... ಅಲ್ಲ. ಎರಡನೇ ಸಲ.

ಜುಲೈ 3, ಬುಧವಾರ

ಫ್ಯಾಕ್ಟರಿಯ ಸ್ಟೋರ್‌ನಲ್ಲಿದ್ದಾಗ ಫೋನ್. ಹೊಸ ನಂಬರ್.

"ಶಾಂತಕುಮಾರ ಅವ್ರೇನ್ರಿ? ನಾ ಸುಗಲಮ್ಮ ಮಾತಾಡಾಕತ್ತೀನಿ. ನಮ್ಮ ಪುಸ್ತಕದ ಬಗ್ಗೆ ಬರದೀರಲ್ಲ, ಭಾಳ ಚೊಲೊ ಆಗೈತಿ."

ಸಂತೋಷ ಎಂದೆ.

"ನಮ್ಮನಿಯವ್ರಂತೂ ಎರಡ ಸಲ ಓದಿದ್ರು ನೋಡ್ರಿ."

ಫೋನ್ ಇಟ್ಟ ಮೇಲೆ ಹೊಳೆಯಿತು. ನಮ್ಮನೆಯವರು ಅಂದರೆ ಗಂಡ. ನಾನು ಬರೆದ ಸಾಲು ನನಗೆ ಬಾಯಿಪಾಠ ಇದೆ: 'ದಿವಂಗತ ಪತಿ ಸಾಬಣ್ಣನ ನೆನಪಿಗೆ ಕಟ್ಟಿದ ಅಕ್ಷರದ ಗೋಪುರ.' ಕೊನೆಯ ಪುಟಗಳಲ್ಲಿ ಆಕೆ ಒಬ್ಬರೇ ಇದ್ದರು, ಗಂಡ ಸತ್ತಿರಬೇಕು ಅಂದುಕೊಂಡೆ. ಎರಡನೇ ಮದುವೆಯೋ? ಅಥವಾ ಬದುಕಿದ್ದವನನ್ನು ನಾನೇ ಸಾಯಿಸಿದೆನೋ? ಪುಸ್ತಕ ಓದಿದ್ದರೆ ಗೊತ್ತಾಗುತ್ತಿತ್ತು.

ಜುಲೈ 5, ಶುಕ್ರವಾರ

ಓದಿದೆ. ನಾರಾಯಣಗೂಡದ ಮನೆಯಿಂದ ಸನತ್‌ನಗರದ ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗುತ್ತ ಬರುತ್ತ, ನಿಂತುಕೊಂಡೇ. ಇಂಥ ಪುಸ್ತಕವನ್ನು ಲಂಚ್ ಟೈಮಿನಲ್ಲಿ ಮುಗಿಸಿದ್ದೆನಲ್ಲ. ನಾಚಿಕೆಯಾಗುತ್ತದೆ.

ಪುಟ 64. ಆರನೇ ಮಹಡಿಯಲ್ಲಿ ಸ್ಲ್ಯಾಬ್ ಹಾಕುವ ದಿನ. ಸಾಬಣ್ಣ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಚಹಾ ಕುಡಿದು ಬರುತ್ತೇನೆಂದು ಇಳಿಯುತ್ತಾನೆ. ಮುಂದಿನ ಪುಟದಲ್ಲಿ ಮಗಳಿಗೆ ಆಗಲೇ ಎಂಟು ವರ್ಷ. ತಾಯಿ ಶಾಲೆಯ ಅರ್ಜಿಯಲ್ಲಿ ತಂದೆಯ ಸಹಿಯ ಜಾಗ ಖಾಲಿ ಬಿಟ್ಟು ಬರುತ್ತಾಳೆ. ಗಂಡನ ಸುದ್ದಿಯೇ ಇಲ್ಲ.

ಎಷ್ಟೊಂದು ಹೇಳದೆ ಬಿಟ್ಟಿದ್ದಾರೆ, ಎಂಥ ಕೌಶಲ ಎಂದು ಮೆಚ್ಚುತ್ತಲೇ ಪುಟಸಂಖ್ಯೆ ನೋಡಿದೆ. 81.

ವಿಮರ್ಶೆಗೆ ಎರಡು ಪ್ರತಿ ಕಳಿಸುವುದು ವಾಡಿಕೆ. ಮನೆಗೆ ಬಂದು ಇನ್ನೊಂದನ್ನೂ ತೆಗೆದೆ. ಅಲ್ಲೂ 64 ಆದ ಮೇಲೆ 81. ಹದಿನಾರು ಪುಟದ ಒಂದು ಇಡೀ ಫಾರಂ ಬೈಂಡಿಂಗ್‌ನಲ್ಲಿ ಬಿಟ್ಟುಹೋಗಿದೆ. ಈ ಪುಸ್ತಕಕ್ಕೆ ಇನ್ನೆರಡು ಕಡೆ ವಿಮರ್ಶೆ ಬಂದಿತ್ತು, ಹುಡುಕಿ ಓದಿದೆ. ಇಬ್ಬರೂ 'ಬಿಗಿಯಾದ ಬಂಧ' ಎಂದು ಹೊಗಳಿದ್ದಾರೆ.

ಚಹಾ ಕುಡಿಯಲು ಇಳಿದವನು ಎಲ್ಲಿಗೆ ಹೋದ?

ಜುಲೈ 7, ರವಿವಾರ

ಅಬಿಡ್ಸ್‌ಗೆ ಹೋಗಲಿಲ್ಲ. ಶೈಲಶ್ರೀಗೆ ಎಲ್ಲ ಹೇಳಿದೆ. ನನ್ನ ಮರ್ಯಾದೆಯ ಚಿಂತೆ ಅವಳಿಗೆ ಎಳ್ಳಷ್ಟೂ ಇಲ್ಲ.

"ಅಂವ ಎಲ್ಲಿಗೆ ಹೋದಾ ಹಂಗಾದ್ರ?"

"ಗೊತ್ತಿಲ್ಲ."

"ಹೋಗಿ ಕೇಳ್ರಿ ಮತ್ತ."

ಕೇಳಿದರೆ ಓದದೆ ಬರೆದದ್ದು ಬಯಲಾಗುತ್ತದೆ. ಹನ್ನೊಂದು ವರ್ಷದ ಅಂಕಣ. ಪಂಪ್ ಫ್ಯಾಕ್ಟರಿಯ ಸ್ಟೋರ್‌ಕೀಪರ್‌ಗೆ ಇರುವ ಹೆಸರು ಅದೊಂದೇ — ಓದುವ ಮನುಷ್ಯ. ಅದೂ ಹೋದರೆ ನಾನು ಯಾರು?

ಜುಲೈ 14, ರವಿವಾರ

ಹೋದೆ. ಒಂದು ವಾರ ತಡೆದುಕೊಂಡೆ, ಆಗಲಿಲ್ಲ. ವಿಳಾಸ ಪುಸ್ತಕದಲ್ಲೇ ಇತ್ತು. ಸನತ್‌ನಗರ, ನಮ್ಮ ಫ್ಯಾಕ್ಟರಿಯ ಹಿಂದಿನ ಗಲ್ಲಿ. ಬಾಗಿಲು ತೆಗೆದವರು ಎತ್ತರದ ಮುದುಕರು. ನನ್ನ ಹೆಸರು ಹೇಳಿದೆ. ಕೈಮುಗಿದರು.

"ಬರ್ರಿ ಒಳಗ. ನಾನ ದಿವಂಗತ ಸಾಬಣ್ಣ."

ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಸುಗಲಮ್ಮ ನೀರು ಕೊಟ್ಟರು. ಕುಡಿದು ಹೇಳಿಬಿಟ್ಟೆ — ಪೂರ್ತಿ ಓದದೆ ಬರೆದೆ, ತಪ್ಪಾಯಿತು, ಆಮೇಲೆ ಓದಿದೆ, ನಡುವೆ ಹದಿನಾರು ಪುಟ ಇಲ್ಲ.

"ಓದಿಲ್ಲ ಅನ್ನೂದು ಗೊತ್ತಿತ್ರಿ. ಅದಕ್ಕ ಫೋನ್ ಹಚ್ಚಿದ್ದೆ," ಎಂದರು. "ಬ್ಯಾರೆ ಇಬ್ರಿಗೂ ಹಚ್ಚಿದ್ದೆ. ಅವ್ರು ಥ್ಯಾಂಕ್ಸ್ ಅಂದು ಇಟ್ಟಬಿಟ್ರು."

ಮಂಚದ ಕೆಳಗಿನಿಂದ ಗೋಣಿಚೀಲ ಎಳೆದರು. ಒಳಗೆ ಸುತಳಿ ಕಟ್ಟಿದ ಕಂತೆಗಳು. ಪ್ರೆಸ್ಸಿನವರು ತಪ್ಪು ಒಪ್ಪಿ, ಬಿಟ್ಟ ಫಾರಂ ಮತ್ತೆ ಅಚ್ಚು ಹಾಕಿಕೊಟ್ಟಿದ್ದರಂತೆ. ಅಷ್ಟರಲ್ಲಿ ಪುಸ್ತಕ ಹಂಚಿಹೋಗಿತ್ತು.

"ಎಲ್ಲಾರಿಗೂ ಪೋಸ್ಟ್ ಮಾಡೂಣು ಅಂದ್ಲು ಮಗಳು. ನಾ ಬ್ಯಾಡ ಅಂದೆ. ಓದಿದವ್ರು ಕೇಳ್ತಾರ, ಕೇಳಿದವ್ರಿಗೆ ಕೊಡೂಣು ಅಂತ. ಮುನ್ನೂರ ಅದಾವ್ರಿ. ವರ್ಷ ಆತು. ಒಂದೂ ಹೋಗಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ಕಂತೆ ಬಿಚ್ಚಿ ಒಂದು ಫಾರಂ ಕೊಟ್ಟರು. ಅವತ್ತು ಎಲ್ಲಿಗೆ ಹೋಗಿದ್ದಿರಿ ಎಂದು ಸಾಬಣ್ಣನವರನ್ನು ಕೇಳಿಯೇಬಿಟ್ಟೆ. ಅವರು ನಕ್ಕರು.

"ಬರದು ಸಾಯಿಸೀರಿ. ಓದಿ ಬದುಕಸ್ರಿ."

ಜುಲೈ 15, ಸೋಮವಾರ

ಫಾರಂ ಓದುವ ಮೊದಲೇ ಗುರುಸಿದ್ದಪ್ಪನವರಿಗೆ ಎರಡು ಸಾಲು ಕಳಿಸಿದೆ, ಮುಂದಿನ ಸಂಚಿಕೆಗೆ. 'ಜುಲೈ ಅಂಕಣದ ಪುಸ್ತಕವನ್ನು ಪೂರ್ತಿ ಓದದೆ ಬರೆದಿದ್ದೆ. ಸಾಬಣ್ಣನವರು ಆರೋಗ್ಯವಾಗಿದ್ದಾರೆ, ಅವರ ಕ್ಷಮೆ ಕೇಳುತ್ತೇನೆ.' ಹದಿನಾರು ಪುಟದ ವಿಷಯ ಬರೆಯಲಿಲ್ಲ. ಅದನ್ನು ಓದಿದವರೇ ಕಂಡುಕೊಳ್ಳಲಿ.

ಹತ್ತು ನಿಮಿಷಕ್ಕೆ ಫೋನ್. "ಪೂರಾ ಓದಿ ಯಾರು ಬರೀತಾರ್ರಿ? ಇದನ್ನ ಹಾಕಿದ್ರ ನಿಮ್ಮ ಅಂಕಣ ನಡಸೂದು ಕಷ್ಟ ಐತಿ ನೋಡ್ರಿ."

"ಹಾಕ್ರಿ," ಎಂದೆ. ಸುಲಭವಿರಲಿಲ್ಲ. ಹನ್ನೊಂದು ವರ್ಷ ಅಲ್ಲವೇ.

ಹಾಕುತ್ತಾರಂತೆ. ಆಗಸ್ಟ್‌ನಿಂದ ಅಂಕಣ ಬೇರೆಯವರದು.

ಜುಲೈ 16, ಮಂಗಳವಾರ, ಬೆಳಿಗ್ಗೆ 6:30

ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇದೆ. ಫಾರಂನ ಮಡಿಕೆಗಳನ್ನು ಪ್ರೆಸ್ಸಿನಲ್ಲಿ ಕತ್ತರಿಸಿಲ್ಲ. ಶೈಲಶ್ರೀ ತರಕಾರಿ ಚಾಕು ಒರೆಸಿ ತಂದು ಎದುರಿಗೆ ಕೂತಿದ್ದಾಳೆ. "ಜೋರಾಗಿ ಓದ್ರಿ, ನನಗೂ ಕೇಳಸ್ಲಿ."

ಇದರ ಬಗ್ಗೆ ಯಾರಿಗೂ ಏನೂ ಬರೆದುಕೊಡಬೇಕಿಲ್ಲ. ಹೀಗೆ ಓದಿ ಎಷ್ಟು ವರ್ಷವಾಯಿತೋ. ಖುಷಿಯಾಗಿದೆ, ಹೆದರಿಕೆಯೂ ಇದೆ.

ಕತ್ತರಿಸಿದೆ. ಪುಟ 65. 'ಚಹಾದಂಗಡಿಯಾಂವ ಅಂದ, ಅಂವ ಇಲ್ಲಿಗೆ ಬರಲೇ ಇಲ್ಲವ್ವ...' ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ —