ಮಂಗಳನ ಚಿತ್ರಕ್ಕೆ ಹಾಕಿದ ತೇಪೆ

ಕೂಮಾ,
ಭಾನುವಾರ, ಜೂನ್ ೧೧, ೨೦೨೩

ಪ್ರೀತಿಯ ಓರಿಯಲ್,

ನಿನ್ನ ಮೂರು ಕಾಗದಕ್ಕೆ ನನ್ನದು ಈ ಒಂದು. ಬರ್ನಿ ಊರಿನಲ್ಲಿ ಅಕ್ಕನ ಮನೆಯಲ್ಲಿ ಕೂತು ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ. ಬೈಸಿಕೊಳ್ಳಬೇಕಾದವಳೇ ನಾನು, ಏನೂ ಅಂದುಕೊಳ್ಳುವುದಿಲ್ಲ. ನಿನ್ನ ಮಂಡಿ ಹೇಗಿದೆ? ನಿನ್ನಕ್ಕ ಈಗಲಾದರೂ ನೀನು ಮಾಡಿದ ಸೂಪನ್ನು ಬಾಯ್ಮುಚ್ಚಿಕೊಂಡು ಕುಡಿಯುತ್ತಾಳೋ, ಅಥವಾ ಉಪ್ಪು ಕಮ್ಮಿ ಎನ್ನುವ ಹಳೇ ರಾಗವೇ ನಡೆದಿದೆಯೋ? ಇಲ್ಲಿ ಜೂನಿನ ಚಳಿಗಾಲ ಜೋರಾಗಿದೆ, ಮೂರು ದಿನದಿಂದ ಬೆಳಿಗ್ಗೆ ನಲ್ಲಿ ಹೆಪ್ಪುಗಟ್ಟುತ್ತಿದೆ. ಕಾರಿನ ಗಾಜಿನ ಮೇಲಿನ ಮಂಜನ್ನು ಲೈಬ್ರರಿ ಕಾರ್ಡಿನಿಂದ ಕೆರೆಯುತ್ತೇನೆ. ಆ ಕಾರ್ಡಿಗೆ ಈಗ ಉಳಿದಿರುವ ಉಪಯೋಗ ಅದೊಂದೇ. ಯಾಕೆ ಎಂಬುದನ್ನೇ ಹೇಳಹೊರಟಿದ್ದೇನೆ.

ಬರೆಯಲು ತಡವಾದದ್ದು ಸೋಮಾರಿತನದಿಂದಲ್ಲ. ಮೂರು ವಾರದಿಂದ ಒಡೆದ ಹಾಲು ಕುಡಿದವಳ ಹಾಗಿದ್ದೇನೆ. ಏನು ತಿಂದರೂ ಅದೇ ರುಚಿ. ನಿನ್ನೆದುರು ಉಗುಳಿಬಿಟ್ಟರೆ ಹೋದೀತೇನೋ.

ನೀನೂ ನನ್ನ ಮರ್ವ್‌ನೂ ಸೇರಿ ಶನಿವಾರದ ಗುಂಪನ್ನು ಶುರುಮಾಡಿದ ದಿನ ನೆನಪಿದೆಯಾ? ಲೈಬ್ರರಿಯ ಹಿಂದಿನ ಕೋಣೆ, ಎರಡು ಕಂಪ್ಯೂಟರ್, ಐದು ಜನ. ಮಂಗಳನ ಮೇಲೆ ಓಡಾಡುವ ಬಂಡಿ ಕಳಿಸಿದ ಹಸಿ ಚಿತ್ರಗಳನ್ನು ಇಳಿಸಿಕೊಂಡು, ತುಣುಕಿಗೆ ತುಣುಕು ಹೊಲಿದು, ಬಣ್ಣ ಸರಿಪಡಿಸಿ, ಇಡೀ ಬಯಲನ್ನು ಗೋಡೆಯಗಲ ಮಾಡಿ ನೋಡುತ್ತಿದ್ದೆವು. ಊರಿನವರು ನಗುತ್ತಿದ್ದರು, "ಮುದುಕರಿಗೆ ಕಲ್ಲು ನೋಡೋ ಕಾಯಿಲೆ" ಅಂತ. ನಗಲಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನೀನೇ ಬರೆದೆಯಲ್ಲ, ಬಂದದ್ದು ಬಂದ ಹಾಗೆ, ಬಾರದ್ದು ಕಪ್ಪು ಅಂತ. ದೂಳೆದ್ದೋ ಸಂಪರ್ಕ ಕಡಿದೋ ಕೆಲವು ತುಣುಕು ಭೂಮಿಗೆ ಬರುವುದೇ ಇಲ್ಲ. ಆ ಜಾಗವನ್ನು ಕಪ್ಪಾಗಿಯೇ ಬಿಡಬೇಕು. ನಮ್ಮ ಗುಂಪಿಗೆ ಇದ್ದದ್ದು ಅದೊಂದೇ ನಿಯಮ.

ಮೂವತ್ತು ವರ್ಷ ನಾನು ಉಣ್ಣೆ ವಿಂಗಡಿಸಿದವಳು. ಒಳ್ಳೆಯ ಮೂಟೆಯ ನಡುವೆ ಒಂದು ಹಿಡಿ ಕಳಪೆ ಉಣ್ಣೆ ಸೇರಿಸಿದರೆ ಮೂಟೆಯ ಮೇಲಿರುವ ನನ್ನ ನಂಬರಿಗೇ ಮಸಿ. ಹಾಗಾಗಿ ನಿನ್ನ ನಿಯಮ ನನಗೆ ಮೊದಲ ದಿನವೇ ಹಿಡಿಸಿತ್ತು.

ಹೋದ ವರ್ಷದ ಚಳಿಗಾಲದಲ್ಲಿ ಮರ್ವ್ ಮಾಡಿದ ಕೊನೆಯ ಚಿತ್ರದ ವಿಷಯ ನಿನಗೆ ಫೋನಿನಲ್ಲಿ ಹೇಳಿದ್ದೆ. ನೂರಾ ಅರವತ್ತಮೂರು ತುಣುಕು ಸೇರಿಸಿದ ಮಂಗಳನ ಸಂಜೆ. ಕಿಮೋ ಮುಗಿಸಿ ಬಂದು, ಪಕ್ಕದಲ್ಲಿ ವಾಂತಿಯ ಬಕೆಟ್ ಇಟ್ಟುಕೊಂಡು ಹೊಲಿದದ್ದು. ಬೆಟ್ಟದ ನೆತ್ತಿ ಇರಬೇಕಾದ ಕಡೆ ಏಳು ತುಣುಕು ಬಂದಿರಲಿಲ್ಲ. ಅಲ್ಲಿ ಕಪ್ಪು ತೂತು. ಅದು ಹಾಗೇ ಇರುವಾಗಲೇ ಆಗಸ್ಟಿನಲ್ಲಿ ಅವನು ನನ್ನನ್ನು ವಿಧವೆ ಮಾಡಿ ಹೋಗಿಬಿಟ್ಟ. ಚಿತ್ರದ ಒಂದು ಪ್ರತಿ ಗುಂಪಿನ ಕಂಪ್ಯೂಟರಿನಲ್ಲಿತ್ತು, ಮುಟ್ಟುವ ಧೈರ್ಯ ನನಗೆ ಬರಲಿಲ್ಲ.

ಮೇ ಇಪ್ಪತ್ತರ ಶನಿವಾರ ಲೈಬ್ರರಿಯಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿಸಿ ತೂಗುಹಾಕಿದರು. ಮಾಡಿಸಿದವನು ಡೆಸ್ ಕೆಟಲ್‌ವೆಲ್. ನೀನು ಊರು ಬಿಟ್ಟ ಮೇಲೆ ಗುಂಪಿನ ಅಧ್ಯಕ್ಷನಾದ, ಮುಖ್ಯ ರಸ್ತೆಯಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದ ಅದೇ ಡೆಸ್. ನನಗೆ ಮೊದಲೇ ತೋರಿಸಿರಲಿಲ್ಲ. "ಅಲ್ಲೇ ಬಂದು ನೋಡು, ಖುಷಿಪಡ್ತೀಯ" ಅಂದಿದ್ದ. ಕೌನ್ಸಿಲಿನವರು ಬಂದಿದ್ದರು, ಶಾಲೆಯ ಮಕ್ಕಳು ಬಂದಿದ್ದರು, ಚಾಕೊಲೇಟ್ ಬಳಿದ ಲ್ಯಾಮಿಂಗ್ಟನ್ ಕೇಕಿನ ತಟ್ಟೆಗಳ ಸುತ್ತ ಜನ ಹೆಚ್ಚು, ಚಿತ್ರದ ಮುಂದೆ ಕಮ್ಮಿ. ಪರದೆ ಸರಿಸಿದರು. ಎರಡೂವರೆ ಮೀಟರ್ ಉದ್ದ. ಕೆಳಗೆ ಹಿತ್ತಾಳೆಯ ಫಲಕ: "ಮಂಗಳನ ಒಂದು ಸಂಜೆ, ಬಂಡಿ ಕಂಡಂತೆ. ಮರ್ವಿನ್ ಗ್ಯಾರವೇ ಮತ್ತು ಡೆಸ್ ಕೆಟಲ್‌ವೆಲ್."

ತೂತು ಇರಲಿಲ್ಲ ಓರಿಯಲ್. ಬೆಟ್ಟಕ್ಕೆ ನೆತ್ತಿ ಬಂದಿತ್ತು.

ನಂಬುತ್ತೀಯೋ ಇಲ್ಲವೋ, ಮೊದಲು ನನಗೆ ಸಂತೋಷವಾಯಿತು. ಕೆಲವು ಸಲ ತುಣುಕುಗಳು ತಿಂಗಳುಗಟ್ಟಲೆ ತಡವಾಗಿ ಬರುತ್ತವಲ್ಲ. ಡೆಸ್‌ನ ಹತ್ತಿರ ಹೋಗಿ, "ಆ ಏಳೂ ಕೊನೆಗೂ ಬಂದ್ವಾ?" ಎಂದು ಕೇಳಿದೆ. ಅವನು ಹೆಬ್ಬೆರಳಿಗೆ ಅಂಟಿದ ಚಾಕೊಲೇಟನ್ನು ನೆಕ್ಕಿಕೊಂಡು, "ಪೂರ್ತಿ ಆಯ್ತಲ್ಲ ಥೆಲ್, ಬಿಡು" ಅಂದ. ಅಷ್ಟರಲ್ಲಿ ಬೇಕರಿಯ ಹೆಂಗಸು ನಡುವೆ ನುಗ್ಗಿದಳು. "ಅಯ್ಯೋ, ಇದು ನಮ್ ಬ್ರೋಕನ್ ಹಿಲ್ ಕಡೆ ಕೆಂಪು ಮಣ್ಣಿನ ರೋಡ್ ಥರಾನೇ ಇದೆಯಲ್ರೀ! ಒಂದು ಸತ್ತ ಕಾಂಗರೂ ಕಮ್ಮಿ ಅಷ್ಟೆ." ಎಲ್ಲರೂ ನಕ್ಕರು. ಮಂಗಳನಿಗೆ ಬೆನ್ನು ತಿರುಗಿಸಿ ನಿಂತು ತಮ್ಮ ತಮ್ಮ ಮುಖದ ಫೋಟೊ ತೆಗೆದುಕೊಂಡರು.

ಮನೆಗೆ ಬಂದು ಬಂಡಿಯ ಚಿತ್ರಗಳ ಪಟ್ಟಿಯನ್ನು ತೆರೆದೆ. ಎಲ್ಲರಿಗೂ ತೆರೆದಿಟ್ಟ ಪಟ್ಟಿ ಅದು. ಆ ಏಳೂ ತುಣುಕಿನ ನಂಬರುಗಳ ಮುಂದೆ ಖಾಲಿ. ಬಂದೇ ಇಲ್ಲ. ಮರುದಿನ ಲೈಬ್ರರಿಗೆ ಹೋಗಿ, ಉಣ್ಣೆ ನೋಡುವ ಹಳೇ ಭೂತಗನ್ನಡಿ ಹಿಡಿದು ಗೋಡೆಯ ಮುಂದೆ ನಿಂತೆ. ಕಾಲು ಗಂಟೆಯೂ ಬೇಕಾಗಲಿಲ್ಲ. ಎಡಗಡೆಯ ಇಳಿಜಾರಿನಲ್ಲಿ ಕಿವಿ ಹರಿದ ಟಗರಿನ ತಲೆಯ ಹಾಗೆ ಒಂದು ಕಲ್ಲಿದೆ. ಅದೇ ಕಲ್ಲು, ಅದೇ ಹರಿದ ಕಿವಿ, ನೆತ್ತಿಯ ಮೇಲೂ ಇತ್ತು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದು. ತಿರುಗಿಸಿದವನಿಗೆ ನೆರಳೂ ಜೊತೆಗೇ ತಿರುಗುತ್ತದೆಂಬುದು ಹೊಳೆದಿಲ್ಲ. ಇಡೀ ಬಯಲಿನ ನೆರಳು ಬಲಕ್ಕೆ, ನೆತ್ತಿಯದ್ದು ಮಾತ್ರ ಎಡಕ್ಕೆ. ಒಂದು ಆಕಾಶದಲ್ಲಿ ಎರಡು ಸೂರ್ಯ! ಲೈಬ್ರರಿಯ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಮನೆಗೆ ಬಂದೆ.

ಹದಿಮೂರು ದಿನ ಸುಮ್ಮನಿದ್ದೆ. ಆ ಹದಿಮೂರು ದಿನವೂ ಆ ಚಿತ್ರ ಕಂಪ್ಯೂಟರುಗಳಲ್ಲಿ ಊರೂರು ಸುತ್ತಿತು, ಎಂಟು ಸಾವಿರ ಜನ ಮೆಚ್ಚಿದರು. ನೆತ್ತಿಯನ್ನೇ ತೋರಿಸಿ, "ಈ ಜಾಗವೇ ನನಗೆ ಬಹಳ ಇಷ್ಟ" ಎಂದು ಯಾರೋ ಬರೆದಿದ್ದರು. ಇಲ್ಲದ ಜಾಗ!

ಜೂನ್ ಮೂರರ ಶನಿವಾರ ಎಲ್ಲರೂ ಸೇರಿದ್ದಾಗ ಮೇಜಿನ ಮೇಲೆ ಎರಡು ಹಾಳೆ ಇಟ್ಟೆ. ಒಂದರಲ್ಲಿ ಮರ್ವ್‌ನ ತೂತಿನ ಚಿತ್ರ, ಇನ್ನೊಂದರಲ್ಲಿ ಡೆಸ್‌ನದು. ಟಗರಿನ ತಲೆಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆ. ಡೆಸ್‌ನ ಹೆಂಡತಿ ಗ್ಲೆನಿಸ್ ಎಂದಿನಂತೆ ಚಹಾ ಬಗ್ಗಿಸುತ್ತಿದ್ದಳು.

"ಇದೇನು ಡೆಸ್?"

ಡೆಸ್ ನೋಡಿದ. ಅವನ ಕತ್ತು ಕೆಂಪಾಯಿತು. "ನಾನೇ ಮಾಡಿದ್ದು" ಅಂದ.

"ಯಾಕೆ?"

"ಚೆನ್ನಾಗಿ ಕಾಣ್ಲಿ ಅಂತ."

ಮಿಲೊಶ್ ನಡುವೆ ಬಾಯಿ ಹಾಕಿದ. ಲಾರಿ ರಿಪೇರಿಯವನು, ಅವನಿಗೆ ಜಗಳವೆಂದರೆ ಆಗದು. "ಹೋಗ್ಲಿ ಬಿಡೇ ಥೆಲ್. ಯಾರ್ಗೇನು ನಷ್ಟ ಆಯ್ತು? ಮಂಗಳದೋರು ಬಂದು ಕೇಸ್ ಹಾಕ್ತಾರಾ?"

"ನೀನು ಸುಮ್ನಿರು ಮಿಲೊಶ್. ಲಾರಿಗೆ ಬ್ರೇಕ್ ಇಲ್ದಿದ್ರೆ ಬ್ರೇಕ್ ಚಿತ್ರ ಅಂಟಿಸಿ ಕಳಿಸ್ತೀಯೇನು?" ಎಂದೆ. ಆಮೇಲೆ ಡೆಸ್‌ನ ಕಡೆ ತಿರುಗಿದೆ. ಅಂದದ್ದನ್ನು ಅಂದಂತೆಯೇ ಬರೆಯುತ್ತೇನೆ, ನಿನ್ನ ಹತ್ತಿರ ಮುಚ್ಚುಮರೆ ಏನು. "ಮದುವೆ ಹುಡುಗೀರ ಮೊಡವೆ ಅಳಿಸಿ ಹೊಟ್ಟೆ ಹೊರ್ಕೊಂಡೋನು ನೀನು, ನಿನಗೆ ನಿಜ ಅಂದ್ರೆ ಏನು ಗೊತ್ತು? ಸತ್ತೋನ ಹೆಸರು ಹಾಕಿ ಸುಳ್ಳು ಮಾರ್ತೀಯಲ್ಲ, ಹೇಸಿಗೆ ಆಗಲ್ವಾ? ಮರ್ವ್ ಬದುಕಿದ್ದಿದ್ರೆ ನಿನ್ನ ಮುಖಕ್ಕೆ ಉಗೀತಿದ್ದ."

ಗ್ಲೆನಿಸ್ ಚಹಾದ ಕೆಟಲನ್ನು ಮೇಜಿನ ಮೇಲೆ ಕುಕ್ಕಿದಳು. "ಥೆಲ್ಮಾ, ನಿನಗೆ ಏನು ಗೊತ್ತು ಅಂತ..."

"ಗ್ಲೆನಿಸ್, ಬೇಡ" ಅಂದ ಡೆಸ್. ಅಷ್ಟೇ. ಎದ್ದು, ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ನನ್ನ ಹಾಳೆಗಳ ಮೇಲಿಟ್ಟು ಹೊರಟುಹೋದ. ಒಂದು ಮಾತು ಸಮರ್ಥಿಸಿಕೊಳ್ಳಲಿಲ್ಲ, ಒಂದು ಕ್ಷಮೆ ಕೇಳಲಿಲ್ಲ. ಸಿಕ್ಕಿಬಿದ್ದವರ ಮೌನ ಎಂದುಕೊಂಡೆ.

ಸೋಮವಾರ ಚಿತ್ರವನ್ನು ಇಳಿಸಿದರು. ಗೋಡೆಯ ಮೇಲೆ ನಾಲ್ಕು ಮೊಳೆ ಉಳಿದಿವೆ. ಇದ್ದ ವಿಷಯವನ್ನು ಇದ್ದ ಹಾಗೆ ಕಂಪ್ಯೂಟರಿನಲ್ಲಿ ಆ ಚಿತ್ರದ ಕೆಳಗೇ ಬರೆದು ಹಾಕಿದೆ. ಬಂದ ಉತ್ತರ ಕೇಳು: ಹೊಟ್ಟೆಕಿಚ್ಚಿನ ಮುದುಕಿಯಂತೆ ನಾನು. "ಸುಳ್ಳಾದರೇನು, ನನಗೆ ಅದೇ ಚೆನ್ನಾಗಿ ಕಂಡಿತ್ತು" ಎಂದು ಬರೆದವರು ಒಬ್ಬರಲ್ಲ, ನೂರಾರು ಜನ. ಅಷ್ಟು ದೂರದಿಂದ, ಆ ಚಳಿ ದೂಳಿನಲ್ಲಿ ಒಂಟಿ ಬಂಡಿ ಒಂದೊಂದೇ ತುಣುಕು ಕಳಿಸುತ್ತದೆ. ಅದು ಸಾಲದೇ ಇವರಿಗೆ? ಡೆಸ್‌ನ ಮೇಲಿನ ಸಿಟ್ಟಾದರೂ ಇಳಿದೀತು, ಇವರ ಮೇಲಿನ ಅಸಹ್ಯ ಇಳಿಯುವಂಥದ್ದಲ್ಲ. ಬೇಕರಿಯ ಹೆಂಗಸು ಈಗ ನನಗೆ ನಿನ್ನೆಯ ಬ್ರೆಡ್ ಕೊಡುತ್ತಾಳೆ. ಲೈಬ್ರರಿಯವರು ನಕ್ಕೂ ನಗದ ಹಾಗೆ ನಗುತ್ತಾರೆ. ನಿನ್ನೆ ಶನಿವಾರ ಗುಂಪಿಗೆ ಬಂದವರು ಇಬ್ಬರು, ನಾನು ಮತ್ತು ಮಿಲೊಶ್. ಅವನೂ ಹಲ್ಲುನೋವೆಂದು ಬೇಗ ಎದ್ದ.

ಆದರೂ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಮರ್ವ್‌ನ ಮರ್ಯಾದೆ ಉಳಿಸಿದೆ. ನೀನು ಇಲ್ಲಿದ್ದಿದ್ದರೆ ನನ್ನ ಪಕ್ಕದಲ್ಲಿ ನಿಂತಿರುತ್ತಿದ್ದೆ, ನನಗೆ ಗೊತ್ತು.

ಇನ್ನು ಸಾಕು, ಕೈ ಮರಗಟ್ಟುತ್ತಿದೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ, ಮೆಟ್ಟಿಲು ಹತ್ತುವ ಶೌರ್ಯ ತೋರಿಸಬೇಡ. ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ, ನಿನ್ನಕ್ಕನಿಗೆ ಒಂದು ಹಿಡಿ ಸಹನೆ ಕೊಡಲಿ, ಅವಳಿಗೆ ಕೊಡಲು ಮರೆತರೆ ಅದನ್ನೂ ನಿನಗೇ ಕೊಡಲಿ.

ನಿನ್ನವಳೇ ಆದ
ಥೆಲ್ಮಾ

ಮತ್ತೆ: ಮಂಗಳವಾರ, ಜೂನ್ ೧೩

ನಿನ್ನೆ ರಾಜನ ಹುಟ್ಟುಹಬ್ಬದ ರಜೆ, ಅಂಚೆ ಕಚೇರಿ ಮುಚ್ಚಿತ್ತು. ಹಾಗಾಗಿ ಈ ಕಾಗದ ಮೇಜಿನ ಮೇಲೇ ಉಳಿಯಿತು. ಹರಿದುಹಾಕೋಣ ಎನಿಸಿತ್ತು. ಬೇಡ, ಇದೂ ಬಂದ ಹಾಗೇ ಹೋಗಲಿ.

ನಿನ್ನೆ ಮಧ್ಯಾಹ್ನ ಗ್ಲೆನಿಸ್ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಬಾಗಿಲಲ್ಲೇ ನಿಂತಳು. "ಡೆಸ್‌ಗೆ ಗೊತ್ತಾದ್ರೆ ನನ್ನ ಮನೆಗೆ ಸೇರಿಸಲ್ಲ. ಆದ್ರೆ ಹತ್ತು ದಿನದಿಂದ ಆ ಮನುಷ್ಯ ಹೊರಗೆ ಕಾಲಿಟ್ಟಿಲ್ಲ ಥೆಲ್ಮಾ. ನನ್ನ ಕೈಲಿ ನೋಡೋಕಾಗ್ತಿಲ್ಲ" ಎಂದು ಒಂದು ಚೀಟಿ ಕೊಟ್ಟಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟ ಆರಿಸಿಕೊಳ್ಳಲು ಕೊಡುತ್ತಾರಲ್ಲ, ಆ ಚೀಟಿ. ಒಂದು ಕಡೆ ಸೂಪಿಗೂ ಜೆಲ್ಲಿಗೂ ಗುರುತು ಹಾಕಿದೆ. ಹಿಂದೆ ಮರ್ವ್‌ನ ಅಕ್ಷರ. ನಡುಗಿದ್ದರೂ ಅವನದೇ.

"ಡೆಸ್, ಆ ತೂತು ಮುಚ್ಚಿಬಿಡು. ಹೇಗಾದರೂ ಸರಿ. ಕಣ್ಣು ಮುಚ್ಚಿದರೆ ಬೇರೇನೂ ಕಾಣುತ್ತಿಲ್ಲ, ಅದೊಂದೇ. ಆದಷ್ಟು ಬೇಗ. ಥೆಲ್‌ಗೆ ಹೇಳಬೇಡ. ಅವಳು ಮಾಡುವ ಮುಖವನ್ನು ಈಗ ನನ್ನಿಂದ ನೋಡಲಾಗದು."

ಡೆಸ್ ನಾಲ್ಕೇ ದಿನದಲ್ಲಿ ಮುಚ್ಚಿಕೊಟ್ಟನಂತೆ, ನೆರಳು ನೋಡಲೂ ಪುರುಸೊತ್ತಿಲ್ಲದೆ. ನಾನು ಆಸ್ಪತ್ರೆಯ ಕೆಳಮಹಡಿಗೆ ಊಟಕ್ಕೆ ಹೋಗಿದ್ದಾಗ ತಂದು ತೋರಿಸಿದನಂತೆ. ಮರ್ವ್ ಅದನ್ನು ಎದೆಯ ಮೇಲಿಟ್ಟುಕೊಂಡು ಬೆರಳಿನಲ್ಲಿ ನೆತ್ತಿಯನ್ನು ಸವರುತ್ತಾ ಅತ್ತನಂತೆ. "ಎಲ್ಲಾದ್ರೂ ಜನ ನೋಡೋ ಕಡೆ ಹಾಕು" ಅಂದನಂತೆ. ನಾನು ಬರುವ ಹೆಜ್ಜೆ ಸದ್ದು ಕೇಳಿ ಡೆಸ್ ಅದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡನಂತೆ. ನಾನು ಮೊಸರಿನ ಡಬ್ಬಿ ಹಿಡಿದು ಒಳಗೆ ಬಂದದ್ದು, ಇಬ್ಬರೂ ಕಳ್ಳರ ಹಾಗೆ ಸುಮ್ಮನಾದದ್ದು ನನಗೆ ನೆನಪಿದೆ. ಹವಾಮಾನದ ಬಗ್ಗೆ ಮಾತಾಡುತ್ತಿದ್ದರೆಂದುಕೊಂಡಿದ್ದೆ.

ಆ ಫಲಕದ ಮೇಲೆ "ಬಂಡಿ ಕಂಡಂತೆ" ಎಂದು ಬರೆಸಿದ್ದು ತಪ್ಪು, ಈಗಲೂ ತಪ್ಪೇ ಎನ್ನುತ್ತೇನೆ. ಆದರೆ ಅಂಥ ಮಾತು ಕೇಳಿಯೂ ಆ ಮನುಷ್ಯ ಬಾಯಿ ಬಿಡಲಿಲ್ಲ. ನಾಳೆ ಅವನ ಮನೆಗೆ ಹೋಗುತ್ತೇನೆ. ಕದ ತೆರೆಯದಿದ್ದರೆ ಹೊರಗೇ ನಿಂತಿರುತ್ತೇನೆ.

ಅದಲ್ಲ ನನ್ನನ್ನು ಕೊಲ್ಲುತ್ತಿರುವುದು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮರ್ವ್ ಕಂಪ್ಯೂಟರಿನ ಮುಂದೆ ಕೂತು, "ಆ ಕಪ್ಪಿಗೆ ಸ್ವಲ್ಪ ಕಂದು ಬಳಿದ್ರೆ ಹೆಂಗಿರುತ್ತೆ ಥೆಲ್?" ಎಂದು ಕೇಳಿದ್ದ. ನಾನು ಏನೂ ಅನ್ನಲಿಲ್ಲ ಓರಿಯಲ್. ಸುಮ್ಮನೆ ಅವನ ಕಡೆ ತಿರುಗಿ ನೋಡಿದೆ ಅಷ್ಟೆ. "ತಮಾಷೆಗೆ ಕೇಳ್ದೆ ಕಣೇ" ಎಂದು ಅವನು ಕಂಪ್ಯೂಟರ್ ಆರಿಸಿದ. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದೆವು. ಸಾಯುವಾಗ ಅವನಿಗೆ ಬೇಕಾಗಿದ್ದದ್ದು ಅದೊಂದು, ಅದನ್ನು ನನ್ನ ಹತ್ತಿರ ಕೇಳಲು ಅವನು ಹೆದರಿದ.

ಥೆ.