ದಕ್ಕೆಗೆ ಬಂದ ಎರಡು ಜ್ವರ

ಜುಲೈ 9, ಲಾಮು
ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ಮೂಗುಗಳು. ಕಡ್ಡಿ ಹಾಕು, ತಿರುಗಿಸು, ಸೀಸೆಗೆ ಇಳಿಸು. ಮತ್ತೆ ಫ್ಲೂ. ಹಿಮದ ದೇಶದ ರೋಗ ಈ ಸೆಕೆಯ ದ್ವೀಪಕ್ಕೆ ಎಲ್ಲಿಂದ ಬರುತ್ತದೆ? ವೈರಸ್ಸಿನ ಜೀನ್ ಓದಿ ಅದನ್ನು ಹುಡುಕಲೆಂದೇ ನನಗೆ ಸಂಬಳ.
ಚಿಕ್ಕಮ್ಮನಿಗೆ ಉಸಿರು ಸಾಲುತ್ತಿಲ್ಲ. ಅವಳ ಮೂಗಿಗೂ ಕಡ್ಡಿ. “ಏನೇ ರಾಯಾ, ಏನು ಹುಡುಕ್ತೀಯ ಅಲ್ಲಿ, ಕಳೆದ ಉಂಗುರಾನಾ?” ಅಂದಳು.

ಜುಲೈ 12
ಚಿಕ್ಕಮ್ಮ ಹೋದಳು. ಸಂಜೆಯೊಳಗೆ ಮಣ್ಣಾಯಿತು. ನಮ್ಮಿಬ್ಬರನ್ನೂ ಸಾಕಿದವಳು. ನನ್ನಣ್ಣ ಶೇಬ್ವಾನ ಅಳಲಿಲ್ಲ.

ಜುಲೈ 14
ಅಣ್ಣ ದಕ್ಕೆಯ ಹಮಾಲರ ಮುಖಂಡ. ತಾಂಜಾನಿಯಾದ ಪೆಂಬಾ ದ್ವೀಪದ ಹಾಯಿದೋಣಿ ಬಂದ ಮೇಲೇ ಜ್ವರ ಎದ್ದಿತಂತೆ. ಸರಕು ಇಳಿಸುವಂತಿಲ್ಲ, ನೀರೂ ಕೊಡುವಂತಿಲ್ಲ — ಅವನ ಅಪ್ಪಣೆ. ಹಿಂದಿರುಗೋಣವೆಂದರೆ ದೋಣಿಯವರಿಗೆ ಎದುರುಗಾಳಿ.
ಎರಡು ಕ್ಯಾನ್ ನೀರನ್ನು ಪುಟ್ಟ ದೋಣಿಗೆ ಹಾಕಿಕೊಂಡು ಅವರ ಬಳಿ ಹೋದೆ. ಹಾಯಿದೋಣಿ ನಡೆಸುವ ತಾಂಡೇಲ ಫಾಕಿ ಹಗ್ಗದ ಏಣಿ ಇಳಿಬಿಟ್ಟ.
“ಬನ್ನಿ ಡಾಕ್ಟರಮ್ಮ.”
“ಡಾಕ್ಟರಲ್ಲ ಮಾಮ. ಲ್ಯಾಬಿನವಳು.”
“ಯಾರಾದ್ರೇನು, ನೀರು ತಂದಿದ್ದೀಯಲ್ಲ.”
ಮೂವರಿಗೆ ಜ್ವರ. ಎಲ್ಲರ ಮೂಗಿಗೂ ಕಡ್ಡಿ ಹಾಕಿ ಮಾದರಿ ತೆಗೆದೆ.

ಜುಲೈ 18, ಮೊಂಬಾಸಾ ಲ್ಯಾಬ್
ವೈರಸ್ಸಿನ ವಂಶವೃಕ್ಷ ತೆರೆ ಮೇಲೆ. ಎರಡು ಕವಲು. ಚಿಕ್ಕಮ್ಮನದೂ ಊರಿನ ಹೆಚ್ಚಿನವರದೂ ಒಂದರಲ್ಲಿ — ಹಿಂದಿನ ತಿಂಗಳು ಇಲ್ಲಿ, ನಮ್ಮದೇ ಕರಾವಳಿಯ ಮೊಂಬಾಸಾದಲ್ಲಿ ಸಿಕ್ಕವುಗಳ ಸಂತಾನ. ದೋಣಿಯವರದು ಬೇರೆ — ತಾಂಜಾನಿಯಾ ಕಡೆಯದು. ಅಂದರೆ ಅವಳನ್ನು ಕೊಂದದ್ದು ಅವರ ಜ್ವರವಲ್ಲ.
ಅಲ್ಲಿಗೇ ಮುಗಿದಿದ್ದರೆ... ದೋಣಿಯವರು ಮೊದಲ ದಿನ ಚಹ ಕುಡಿದಿದ್ದ ದಕ್ಕೆಯ ಅಂಗಡಿಯ ಇಬ್ಬರು ಮಕ್ಕಳು ದೋಣಿಯ ಕವಲಿನಲ್ಲಿದ್ದಾರೆ.

ಜುಲೈ 19, ಲಾಮು
ದೋಣಿ ಹತ್ತಿ ಮೊದಲು ಫಾಕಿಗೆ ಹೇಳಿದೆ.
“ನಾನು ಬಡ್ಕೊಂಡೆ, ನಾವಲ್ಲ ಅಂತ!”
“ಚಿಕ್ಕಮ್ಮನಿಗೆ ನಿಮ್ಮಿಂದಲ್ಲ. ಚಹದಂಗಡಿ ಮಕ್ಕಳಿಗೆ ಬಂದಿರೋದು ನಿಮ್ಮದೇ ಮಾಮ.”
ಅವನು ದಕ್ಕೆಯ ಕಡೆ ನೋಡಿದ. “ಮೊದಲನೇ ಮಾತು ದಕ್ಕೇಲಿ ಹೇಳು. ಎರಡನೇದನ್ನ ಇಲ್ಲೇ ಸಮುದ್ರಕ್ಕೆ ಹಾಕಿಬಿಡಮ್ಮ.”

ಜುಲೈ 20
ದಕ್ಕೆಯಲ್ಲಿ ಎರಡನ್ನೂ ಹೇಳಿದೆ. ಮಕ್ಕಳಿಗೆ ಔಷಧಿ ಬೇಕು, ಅವರಿಂದ ಇನ್ನೂ ಯಾರಿಗೆ ಹತ್ತಿದೆಯೋ ನೋಡಬೇಕು; ಮುಚ್ಚಿಡುವಂತಿಲ್ಲ.
“ಕೇಳಿದ್ರಾ! ಇವರೇ ತಂದದ್ದು!” ಅಣ್ಣ ಕೂಗಿದ.
“ಚಿಕ್ಕಮ್ಮನಿಗಲ್ಲ.”
“ಅವಳಿಗೆ ಯಾರು ತಂದ್ರು ಮತ್ತೆ?”
“ಮೊಂಬಾಸಾ ಕಡೆಯಿಂದ ಬಂದಿದೆ. ಯಾರ ಜೊತೆಗೋ. ಜೀನ್ ಊರು ಹೇಳುತ್ತೆ, ಹೆಸರು ಹೇಳಲ್ಲ.”
“ಹಂಗಾದ್ರೆ ನಾನು ಯಾರ ಕುತ್ತಿಗೆ ಹಿಡೀಲಿ, ರಾಯಾ?”
ಅಣ್ಣ ದಕ್ಕೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಈಗ ಅತ್ತ. ಹಮಾಲರೆಲ್ಲ ಸಮುದ್ರ ನೋಡಿದರು.

ಜುಲೈ 22
ಜ್ವರ ಇಳಿಯುವವರೆಗೆ ದೋಣಿಯವರು ದೋಣಿಯಲ್ಲೇ. ನೀರು, ಮೀನು, ಅಕ್ಕಿ ದಕ್ಕೆಯಿಂದ ಹೋಗಬೇಕು — ಅಣ್ಣನದೇ ತೀರ್ಮಾನ. ಮಕ್ಕಳು ಚೇತರಿಸಿಕೊಳ್ಳುತ್ತಿದ್ದಾರೆ. ಫಾಕಿ ನನ್ನನ್ನು ಮಾತಾಡಿಸುತ್ತಿಲ್ಲ.
ಊಟಕ್ಕೆ ಕೂತಾಗ ಅಣ್ಣ ಕೇಳಿದ, “ಚಿಕ್ಕಮ್ಮನ ಮೂಗಿಂದ ತೆಗೆದದ್ದು ಇನ್ನೂ ಇದೆಯಾ?”
“ಲ್ಯಾಬಿನ ಫ್ರೀಜರಲ್ಲಿದೆ.”
“ತುಂಬಾ ತಣ್ಣಗಾ?”
“ಹೂಂ. ಮಂಜುಗಡ್ಡೆಗಿಂತ.”
ಅನ್ನ ಕಲಸುತ್ತಲೇ ಇದ್ದ. “ಅವಳಿಗೆ ಚಳಿ ತಡ್ಕೊಳ್ಳೋಕೆ ಆಗ್ತಿರಲಿಲ್ಲ ಕಣೇ” ಅಂದ.
ನಾನು ಎದ್ದು ಅವನ ತಟ್ಟೆಗೆ ಬಿಸಿ ಸಾರು ಬಡಿಸಿದೆ.