ಬದುವಿನ ಮೇಲೆ ನಾನಿಟ್ಟ ಕಲ್ಲು

೧೧-೧೧-೨೦೨೫, ಮಂಗಳವಾರ, ಹಂಗಳ

ನಮ್ಮ ಹೊಲಕ್ಕೆ ಕಳೆ ಕೀಳಲು ಬರುವ ಮರಿತಾಯಮ್ಮ ಆ ಕಲ್ಲಿಗೆ ಕೈಮುಗಿದದ್ದೇ ಕಣ್ಣಿಗೆ ಕಟ್ಟಿದೆ.

ಮಿಲಿಟರಿಯವರು ಕಲ್ಲಿನ ವೇಷದ ಯಂತ್ರ ಇಡುತ್ತಾರೆ, ಅದು ಬಿಸಿಲನ್ನೇ ಉಂಡು ವರ್ಷಗಟ್ಟಲೆ ಮಾತು ಕದ್ದು ಕೇಳುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ಓದಿ ಸುಮ್ಮನಿರಬೇಕಿತ್ತು. ಹೋದ ವಾರ ನಮ್ಮ ಈರುಳ್ಳಿ ಹೊಲದ ಬದುವಿನ ಮೇಲೆ ಒಂದು ಗುಂಡುಕಲ್ಲಿಟ್ಟು, ಕೆಟ್ಟ ಸೋಲಾರ್ ದೀಪದ ಚೂರು ಅಂಟಿಸಿದೆ. ಟೀ ಅಂಗಡಿಯಲ್ಲಿ "ಅದು ಮಿಲ್ಟ್ರಿ ಕಲ್ಲು ಕಣ್ರಲಾ, ಈ ಊರಲ್ಲಿ ನಂಗೊಬ್ಬಂಗೇ ಗೊತ್ತು" ಎಂದು ಮೀಸೆ ತಿರುವಿದೆ. ಕಳೆ ಕೀಳುವ ಹೆಂಗಸರು ಅಂದಿನಿಂದ ತುಟಿ ಬಿಚ್ಚಿಲ್ಲ. ಆ ಮೋಜು ನೋಡಲೆಂದೇ ಇವತ್ತೂ ಬೇಲಿಯ ಮರೆಯಲ್ಲಿ ಕೂತಿದ್ದೆ.

ಎಲ್ಲರೂ ಹೋದ ಮೇಲೆ ಮರಿತಾಯಮ್ಮ ಒಬ್ಬಳೇ ವಾಪಸು ಬಂದು ಕಲ್ಲಿನ ಮುಂದೆ ಕುಕ್ಕರಿಸಿದಳು. "ಸ್ವಾಮಿ, ಅವತ್ತು ಗೊತ್ತಿಲ್ದೆ ಇಲ್ಲೇ ಕೂತು ಸರ್ಕಾರವ ಬೈದ್ಬುಟ್ಟೆ. ನನ್ ಮೊಮ್ಮಗಳು ಭಾನು ಪೊಲೀಸ್ ಪರೀಕ್ಷೆ ಬರ್ದವ್ಳೆ. ಈ ಮುದುಕಿ ಬಾಯಿ ತಪ್ಪಿಗೆ ಆ ಮಗಿನ ಅನ್ನ ಕಿತ್ಕಬ್ಯಾಡಿ."

ಎದ್ದು ಬಂದು "ಸುಳ್ಳು ಕಣಕ್ಕ, ನಂದೇ ಕಿತಾಪತಿ" ಅನ್ನಲು ಬಾಯಿ ಬರಲಿಲ್ಲ. ಅಂದಿದ್ದರೆ, ಅಷ್ಟನ್ನೂ ನಾನು ಕದ್ದು ಕೇಳಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

ನಾಳೆ ಬೆಳಿಗ್ಗೆಯೇ ಕಲ್ಲು ಎತ್ತಿ ಹಾಕೋಣ ಎಂದುಕೊಂಡೆ. ಆದರೆ ಅದು ಅಲ್ಲಿ ಕಾಣದಿದ್ದರೆ, ಮಿಲಿಟರಿಯವರು ತನ್ನ ಮಾತನ್ನೂ ಹೊತ್ತುಕೊಂಡು ಹೋದರು ಅಂತ ಆ ಅಕ್ಕ ಇನ್ನಷ್ಟು ಹೆದರುತ್ತಾಳೆ. ಕಲ್ಲು ಅಲ್ಲೇ ಇರಲಿ.